ಕಬ್ಬನ್ ಎಂಬ ಹೆಸರು ಎಲ್ಲಿಯದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬನ್ ಪಾರ್ಕ್, ಕಬ್ಬನ್ ರಸ್ತೆ, ಕಬ್ಬನ್‌ಪೇಟೆ, ಈಗ ಮೆಟ್ರೋ ನಿಲ್ದಾಣ. ಬೆಂಗಳೂರಿನಲ್ಲಿ ಈ ಹೆಸರು ಬಾಯಿಗೆ ಬರದ ದಿನವೇ ಇಲ್ಲ. ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ 'ಕಬ್ಬನ್' ಅನ್ನುವ ಮನೆತನದ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ 'ಯಾವುದೋ ಇಂಗ್ಲಿಷ್ ಹೆಸರು' ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಹೆಸರಿಗೆ ಅದರದೇ ಒಂದು ದ್ವೀಪ ಇದೆ, ಒಂದು ಭಾಷೆ ಇದೆ. ಅದನ್ನು ಗೊತ್ತು ಮಾಡಿಕೊಳ್ಳಬೇಕು ಅನ್ನುವುದು ನನ್ನ ಆಸೆ.

ಕಬ್ಬನ್ ಇಂಗ್ಲಿಷ್ ಹೆಸರೇ ಅಲ್ವಾ?

ಬರೆಯುವ ರೀತಿ ಇಂಗ್ಲಿಷಿನದು. ಹೆಸರು ಇಂಗ್ಲೆಂಡಿನದಲ್ಲ. ಇಂಗ್ಲೆಂಡಿನಲ್ಲಿ ಈ ಸರ್‌ನೇಮ್ ಇರುವವರು ತೀರಾ ವಿರಳ. ಇದ್ದವರೂ ಹೆಚ್ಚಾಗಿ ಐಲ್ ಆಫ್ ಮ್ಯಾನ್ ದ್ವೀಪದಿಂದ ಹೋದವರ ಪೀಳಿಗೆಯವರು.

ಐಲ್ ಆಫ್ ಮ್ಯಾನ್ ಇರುವುದು ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐರಿಷ್ ಸಮುದ್ರದಲ್ಲಿ. ವಿಸ್ತೀರ್ಣ ಸುಮಾರು 572 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 84 ಸಾವಿರ ಜನ. ಬ್ರಿಟನ್ನಿನ ರಾಜಮನೆತನದ ಅಧೀನದಲ್ಲಿದ್ದರೂ ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಟಿನ್‌ವಾಲ್ಡ್ ಅನ್ನುವ ಅದರದೇ ಸಂಸತ್ತು ಇದೆ, ಅದರದೇ ಕಾನೂನು ಇದೆ. ಬೈಕ್ ರೇಸ್ ನೋಡುವವರಿಗೆ ಟಿಟಿ ರೇಸಿನಿಂದ, ಬೆಕ್ಕು ಸಾಕುವವರಿಗೆ ಬಾಲವಿಲ್ಲದ ಮ್ಯಾಂಕ್ಸ್ ಬೆಕ್ಕಿನಿಂದ ಈ ದ್ವೀಪ ಗೊತ್ತಿರಬಹುದು.

ಅಲ್ಲಿನ ಮೂಲ ಭಾಷೆ ಮ್ಯಾಂಕ್ಸ್. ಐರಿಷ್, ಸ್ಕಾಟಿಷ್ ಗೇಲಿಕ್ ಭಾಷೆಗಳ ಜೊತೆ ಹುಟ್ಟಿದ ಭಾಷೆ ಅದು. ಈ ಮೂರನ್ನೂ ಸೇರಿಸಿ ಗೇಲಿಕ್ ಭಾಷೆಗಳು ಅನ್ನುತ್ತಾರೆ. ಕಬ್ಬನ್ ಅನ್ನುವ ಹೆಸರು ರೂಪ ಪಡೆದದ್ದು ಆ ಭಾಷೆಯನ್ನಾಡುವ ಜನರ ಬಾಯಲ್ಲಿ.

ಹಾಗಾದರೆ ಅದರ ಅರ್ಥ ಏನು?

'ಗಿಬ್ಬನ್‌ನ ಮಗ'. ಮೂಲ ರೂಪ ಮ್ಯಾಕ್ ಗಿಬ್ಬನ್. ಗೇಲಿಕ್ ಭಾಷೆಗಳಲ್ಲಿ 'ಮ್ಯಾಕ್' ಎಂದರೆ ಮಗ.

ಗಿಬ್ಬನ್ ಅನ್ನುವುದು ಗಿಲ್ಬರ್ಟ್ ಎಂಬ ಹೆಸರನ್ನು ಮುದ್ದಾಗಿ ಕರೆಯುವ ರೂಪ. ಗಿಲ್ಬರ್ಟ್ ಮೊದಲು 'ಗಿಬ್' ಆಯಿತು, ಅದಕ್ಕೆ ಬಾಲ ಸೇರಿ 'ಗಿಬ್ಬನ್' ಆಯಿತು. ಗಿಲ್ಬರ್ಟ್ ಹಳೆಯ ಜರ್ಮ್ಯಾನಿಕ್ ಹೆಸರು. ಅದರಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ಒತ್ತೆಯಾಳು ಅಥವಾ ಒತ್ತೆ ಎಂಬ ಅರ್ಥದ್ದು, ಎರಡನೆಯದು ಹೊಳಪು ಎಂಬ ಅರ್ಥದ್ದು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬ್ರಿಟನ್ನಿನ ಸುತ್ತಮುತ್ತ ಈ ಹೆಸರು ಜಾಸ್ತಿ ಹರಡಿತು. ಗೇಲಿಕ್ ಸೀಮೆಯಲ್ಲಿ ಇನ್ನೊಂದು ಸಂಗತಿಯೂ ನಡೆದಿದೆ. 'ಸಂತ ಬ್ರಿಜಿಡ್‌ಳ ಸೇವಕ' ಎಂಬ ಅರ್ಥದ ಅಲ್ಲಿನದೇ ಹೆಸರೊಂದು ಕೇಳಲು ಹೆಚ್ಚೂಕಮ್ಮಿ ಗಿಲ್ಬರ್ಟ್ ತರಹವೇ ಇತ್ತು. ಅಂಥವರನ್ನೂ ದಾಖಲೆ ಬರೆಯುವವರು ಗಿಲ್ಬರ್ಟ್ ಎಂದೇ ಬರೆದುಬಿಡುತ್ತಿದ್ದರು.

ಹೀಗೆ ಜರ್ಮ್ಯಾನಿಕ್ ಬೇರಿನ ಹೆಸರು ಫ್ರೆಂಚ್ ಮಾತಾಡುವವರ ಕೈಯಲ್ಲಿ ಬಂದು, ಗೇಲಿಕ್ ಬಾಯಲ್ಲಿ ಬದಲಾಗಿ, ಇಂಗ್ಲಿಷ್ ಅಕ್ಷರದಲ್ಲಿ ನಿಂತಿದೆ.

'ಮ್ಯಾಕ್' ಎಲ್ಲಿ ಹೋಯಿತು?

ಈ ಹೆಸರಿನ ನಿಜವಾದ ಸ್ವಾರಸ್ಯ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಮ್ಯಾಕ್ ಹಾಗೇ ಉಳಿಯಿತು. ಮ್ಯಾಕ್‌ಡೊನಾಲ್ಡ್, ಮೆಕಾರ್ಥಿ, ಮೆಕಲಮ್ ಹೆಸರುಗಳನ್ನು ನಾವು ದಿನಾ ಕೇಳುತ್ತೇವೆ. ಮ್ಯಾನ್ ದ್ವೀಪದಲ್ಲಿ ಹಾಗಾಗಲಿಲ್ಲ. ಹೆಸರನ್ನು ಹೇಳುವಾಗ ಒತ್ತು ಬೀಳುವುದು ಅಪ್ಪನ ಹೆಸರಿನ ಮೇಲೆ. ಮುಂದಿರುವ ಮ್ಯಾಕ್ ಮೇಲೆ ಒತ್ತಿಲ್ಲ. ಬೇಗ ಬೇಗ ಹೇಳುವಾಗ ಅದು ಸವೆಯುತ್ತದೆ. ನಾವು 'ಹೋಗುತ್ತೇನೆ' ಎಂದು ಬರೆದು 'ಹೋಗ್ತೀನಿ' ಎಂದು ಹೇಳುವ ಹಾಗೆಯೇ. ಮೊದಲು 'ಮ್ಯಾ' ಉದುರಿತು. ಕೊನೆಯ 'ಕ್' ಮಾತ್ರ ಉಳಿದು ಮುಂದಿನ ಹೆಸರಿಗೆ ಅಂಟಿಕೊಂಡಿತು.

ಮ್ಯಾಕ್ ಗಿಬ್ಬನ್ ಅನ್ನುವುದನ್ನು ಐದಾರು ಸಲ ಬೇಗ ಬೇಗ ಹೇಳಿ ನೋಡಿ. ಮ್ಯಾಕ್‌ನ 'ಕ್' ಮತ್ತು ಗಿಬ್ಬನ್‌ನ 'ಗ್' ಎರಡೂ ಒಂದೇ ಜಾಗದಲ್ಲಿ ಹುಟ್ಟುವ ಸದ್ದುಗಳು. ಒಂದು ಇನ್ನೊಂದನ್ನು ನುಂಗುತ್ತದೆ. ಇಲ್ಲಿ 'ಕ್' ಗೆದ್ದಿತು. ಗಿಬ್ಬನ್‌ನ 'ಇ' ಕೂಡ ಬದಲಾಯಿತು. ಉಳಿದದ್ದು ಕಬ್ಬನ್.

1511ರ ಹೊತ್ತಿನ ದ್ವೀಪದ ಭೂಕಂದಾಯದ ಪಟ್ಟಿಗಳಲ್ಲಿ ಮ್ಯಾಕ್ ಎಂದು ಶುರುವಾಗುವ ಹೆಸರುಗಳೇ ತುಂಬಿವೆ. 17ನೇ ಶತಮಾನದ ದಾಖಲೆಗಳಿಗೆ ಬಂದರೆ ಮ್ಯಾಕ್ ಹೆಚ್ಚೂಕಮ್ಮಿ ಮಾಯ. ಯಾರೋ ಅಪ್ಪಣೆ ಕೊಟ್ಟು ತೆಗೆಸಿದ್ದಲ್ಲ. ಜನರ ಬಾಯಲ್ಲಿ ಆದ ಬದಲಾವಣೆಯನ್ನು ಗುಮಾಸ್ತರು, ಪಾದ್ರಿಗಳು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಅವರು ಬರೆದದ್ದು ಇಂಗ್ಲಿಷ್ ರೀತಿಯಲ್ಲಿ. ಅದರಿಂದಲೇ ನಮಗೆ ಇದು ಇಂಗ್ಲಿಷ್ ಹೆಸರಿನ ಹಾಗೆ ಕಾಣುವುದು.

ದ್ವೀಪದ ಬೇರೆ ಹೆಸರುಗಳೂ ಹೀಗೇನಾ?

ಹೌದು, ಇದೇ ಅಲ್ಲಿನ ಗುರುತು. ಇಂಗ್ಲಿಷಿನ ಸಿ, ಕೆ, ಕ್ಯೂ ಅಕ್ಷರಗಳಿಂದ ಶುರುವಾಗುವ ಮನೆತನದ ಹೆಸರುಗಳು ಅಲ್ಲಿ ರಾಶಿ ರಾಶಿ. ಆ ಮೊದಲ 'ಕ್' ಹೆಚ್ಚಾಗಿ ಹಳೆಯ ಮ್ಯಾಕ್‌ನ ಉಳಿಕೆ.

ಮ್ಯಾಕ್ ಫಿಲಿಪ್ ಅಲ್ಲಿ ಕಿಲಿಪ್ ಆದ. ಮ್ಯಾಕ್ ಐಸಾಕ್ ಕಿಸಾಕ್ ಆದ. ಮ್ಯಾಕ್ ಡರ್ಮಟ್ ಹೋಗಿ ಕರ್ಮೋಡ್ ಆಯಿತು. ಮ್ಯಾಕ್ ವಾಲ್ಟರ್ ಕ್ವಾಲ್ಟ್ರೊ ಆಯಿತು. ಮ್ಯಾಕ್ ವಿಲಿಯಂ ಕ್ವಿಲಿಯಂ ಆಯಿತು. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್‌ನ ವಿಕ್ಟರಿ ಹಡಗಿನಲ್ಲಿ ಮೊದಲ ಲೆಫ್ಟಿನೆಂಟ್ ಆಗಿದ್ದ ಜಾನ್ ಕ್ವಿಲಿಯಂ ಇದೇ ದ್ವೀಪದವನು. ಗೇಲಿಕ್‌ನಲ್ಲಿ 'ಪಾಲ್‌ನ ಮಗ' ಅನ್ನುವುದು ಕ್ವೇಲ್ ಆಯಿತು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಅವರ ಮುತ್ತಜ್ಜ ಹುಟ್ಟಿದ್ದು ಮ್ಯಾನ್ ದ್ವೀಪದಲ್ಲಿ. ಬೌಂಟಿ ಹಡಗಿನ ದಂಗೆಯ ಮುಂದಾಳು ಫ್ಲೆಚರ್ ಕ್ರಿಶ್ಚಿಯನ್‌ನ ಮನೆತನದ ಮೂಲವೂ ಇಲ್ಲಿಯೇ. ಅವರ ಹಳೆಯ ಹೆಸರಿನ ಮುಂದೆಯೂ ಮ್ಯಾಕ್ ಇತ್ತು.

ಕಡಿಮೆ ಜಾಗ, ಕೆಲವೇ ಮನೆತನದ ಹೆಸರುಗಳು. ಒಂದೇ ಹೆಸರಿನ ಹತ್ತಾರು ಜನ ಇರುವಾಗ ಅಡ್ಡಹೆಸರು ಬೇಕಾಗುತ್ತದೆ. ದ್ವೀಪದ ಚರಿತ್ರೆಯಲ್ಲೇ ಹೆಸರಾದ ವಿಲಿಯಂ ಕ್ರಿಶ್ಚಿಯನ್‌ನನ್ನು ಅಲ್ಲಿನವರು ನೆನೆಯುವುದು 'ಇಲಿಯಂ ಧೋನ್' ಎಂದು, ಅಂದರೆ ಕಂದುಕೂದಲಿನ ವಿಲಿಯಂ. 1663ರಲ್ಲಿ ಅವನನ್ನು ಹ್ಯಾಂಗೊ ಹಿಲ್ ಎಂಬಲ್ಲಿ ಗುಂಡಿಕ್ಕಿ ಕೊಂದರು.

ವೈಕಿಂಗರಿಗೂ ಈ ಹೆಸರುಗಳಿಗೂ ಸಂಬಂಧ ಇದೆಯಾ?

ಕಬ್ಬನ್ ಹೆಸರಿಗೆ ಇಲ್ಲ. ಆದರೆ ಅದರ ನೆರೆಮನೆಯ ಹೆಸರುಗಳಿಗೆ ಇದೆ. ನಾರ್ವೆ ಕಡೆಯಿಂದ ಬಂದ ವೈಕಿಂಗರು ಶತಮಾನಗಳ ಕಾಲ ಈ ದ್ವೀಪವನ್ನು ಆಳಿದರು. 1266ರಲ್ಲಿ ನಾರ್ವೆಯ ದೊರೆ ಇದನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟ. ಬಂದವರು ಇಲ್ಲಿನವರನ್ನೇ ಮದುವೆಯಾಗಿ ಇಲ್ಲಿನವರೇ ಆದರು. ಕಾರ್ಕಿಲ್ ಎಂದರೆ ಮ್ಯಾಕ್ ಥೋರ್ಕೆಲ್. ಕಾರ್ಲೆಟ್ ಎಂದರೆ ಮ್ಯಾಕ್ ಥೋರ್ಲ್ಯೋಟ್. ಎರಡರಲ್ಲೂ ಥಾರ್ ದೇವರು ಅಡಗಿದ್ದಾನೆ. ಕಾಟಿಯರ್ ಎಂದರೆ ಒಟ್ಟಾರ್‌ನ ಮಗ. ಮಗ ಎನ್ನುವ ಪದ ಗೇಲಿಕ್, ಅಪ್ಪನ ಹೆಸರು ವೈಕಿಂಗರ ಭಾಷೆಯಾದ ನಾರ್ಸ್. ಒಂದೇ ಹೆಸರಿನೊಳಗೆ ಎರಡು ಜನಾಂಗ ಸೇರಿವೆ.

ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಕರ್ಕ್ ಮೈಕಲ್ ಊರಿನ ಚರ್ಚಿನಲ್ಲಿ 10ನೇ ಶತಮಾನದ ಒಂದು ಶಿಲುಬೆಗಲ್ಲು ಉಂಟು. ಅದರ ಅಂಚಿನಲ್ಲಿ ವೈಕಿಂಗರ ರೂನ್ ಲಿಪಿಯಲ್ಲಿ, ಅವರದೇ ಭಾಷೆಯಲ್ಲಿ ಕೆತ್ತಿದ್ದಾರೆ. ಕಮ್ಮಾರ ಅಥಾಕನ್‌ನ ಮಗ ಮೆಲ್‌ಬ್ರಿಗ್ಡಿ ಈ ಶಿಲುಬೆ ನಿಲ್ಲಿಸಿದ, ಇದನ್ನೂ ಮ್ಯಾನ್‌ನಲ್ಲಿರುವ ಎಲ್ಲವನ್ನೂ ಮಾಡಿದವನು ಗೌಟ್ ಎಂಬ ಅರ್ಥದ ಸಾಲುಗಳು. ಬರೆದ ಭಾಷೆ ನಾರ್ಸ್. ಅಪ್ಪ, ಮಗ ಇಬ್ಬರ ಹೆಸರೂ ಗೇಲಿಕ್. ಕೆತ್ತಿದ ಶಿಲ್ಪಿಯ ಹೆಸರು ಮತ್ತೆ ನಾರ್ಸ್. ನಮ್ಮ ವೀರಗಲ್ಲುಗಳನ್ನು ಓದುವ ಆಸಕ್ತಿ ಇರುವವರಿಗೆ ಈ ಕಲ್ಲು ಖಂಡಿತ ಹಿಡಿಸುತ್ತದೆ.

ಕಬ್ಬನ್‌ಗೂ ನಮ್ಮ ಕಬ್ಬಿಗೂ, ಕಬ್ಬಿಣಕ್ಕೂ ನಂಟಿದೆಯಾ?

ಇಲ್ಲ. ಸದ್ದು ಒಂದೇ ಥರ ಇರುವುದು ಆಕಸ್ಮಿಕ. ಇಂಗ್ಲಿಷಿನಲ್ಲಿ ಸಿಂಹದ, ಕರಡಿಯ ಮರಿಗೆ ಹೇಳುವ 'ಕಬ್' ಪದಕ್ಕೂ ಸಂಬಂಧವಿಲ್ಲ.

ಗಿಬ್ಸ್, ಗಿಬ್ಸನ್, ಗಿಬ್ಬನ್, ಮೆಕಬ್ಬಿನ್ ಇವರೆಲ್ಲ ನೆಂಟರಾ?

ಹೆಸರುಗಳು ನೆಂಟರು. ಜನ ನೆಂಟರಾಗಿರಬೇಕೆಂದಿಲ್ಲ. ಗಿಬ್ ಅನ್ನುವವನು ಊರಿಗೊಬ್ಬ ಇದ್ದ. ಅವರವರ ಮಕ್ಕಳಿಗೆ ಅವರವರ ಅಪ್ಪನ ಹೆಸರು ಬಂತು.

ಕ್ರಿಕೆಟ್ ನೋಡುವವರಿಗೆ ವೆಸ್ಟ್ ಇಂಡೀಸಿನ ಲ್ಯಾನ್ಸ್ ಗಿಬ್ಸ್, ದಕ್ಷಿಣ ಆಫ್ರಿಕಾದ ಹರ್ಷಲ್ ಗಿಬ್ಸ್ ಗೊತ್ತು. ಗಿಬ್ಸ್‌ನ ಬೇರೂ ಗಿಲ್ಬರ್ಟ್. ರೋಮ್ ಸಾಮ್ರಾಜ್ಯದ ಚರಿತ್ರೆ ಬರೆದ ಎಡ್ವರ್ಡ್ ಗಿಬ್ಬನ್ ಹೆಸರೂ ಅಲ್ಲಿಂದಲೇ. ಪಾಪ್ ಸಂಗೀತದ ಬೀ ಜೀಸ್ ತಂಡದ ಗಿಬ್ ಸಹೋದರರ ಸಂಗತಿ ಇನ್ನೂ ಸೊಗಸು. ಬ್ಯಾರಿ 1946ರಲ್ಲಿ, ಅವಳಿಗಳಾದ ರಾಬಿನ್ ಮತ್ತು ಮಾರಿಸ್ 1949ರಲ್ಲಿ ಹುಟ್ಟಿದ್ದು ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲೇ. ಆದರೆ ಅವರ ಹೆಸರು ಹೊರಗಿನಿಂದ ಬಂದದ್ದು, ದ್ವೀಪದ 'ಕ್' ಅದಕ್ಕೆ ಅಂಟಿಲ್ಲ.

ಕಬ್ಬಿನ್ ಅನ್ನುವುದು ಕಬ್ಬನ್‌ನದೇ ಇನ್ನೊಂದು ಬರಹ. ಮೆಕಬ್ಬಿನ್ ಸಿಗುವುದು ದಕ್ಷಿಣ ಸ್ಕಾಟ್ಲೆಂಡಿನ ಗ್ಯಾಲೋವೆ ಕಡೆ. ದ್ವೀಪದ ಉತ್ತರ ತುದಿಯಿಂದ ಆ ದಂಡೆಗೆ ಮೂವತ್ತು ಕಿಲೋಮೀಟರ್ ಕೂಡ ಇಲ್ಲ. ಆ ದಂಡೆಯಲ್ಲಿ ಮ್ಯಾಕ್ ಉಳಿಯಿತು, ಈ ದಂಡೆಯಲ್ಲಿ ಉದುರಿತು. ಆಸ್ಟ್ರೇಲಿಯಾದ ದೊಡ್ಡ ಚಿತ್ರಕಾರ ಫ್ರೆಡರಿಕ್ ಮೆಕಬ್ಬಿನ್ ಅವರದು ಸ್ಕಾಟ್ಲೆಂಡ್ ಮೂಲದ ಮನೆ.

ಉಚ್ಚಾರ ಹೇಗೆ? ಕಬ್ಬನ್ನಾ, ಕಬನ್ನಾ?

ದ್ವೀಪದವರ ಬಾಯಲ್ಲಿ 'ಕಬನ್'. ಇಂಗ್ಲಿಷಿನಲ್ಲಿ ಎರಡು ಅಕ್ಷರ ಬರೆದರೂ ಒತ್ತಕ್ಷರದ ಸದ್ದು ಬರುವುದಿಲ್ಲ. ನಾವು ಬರೆದದ್ದನ್ನು ಬರೆದ ಹಾಗೇ ಓದುವವರು. ಹಾಗಾಗಿ ಇಲ್ಲಿ ಕಬ್ಬನ್ ಆಯಿತು. ಮ್ಯಾಕ್ ಗಿಬ್ಬನ್ ಅಲ್ಲಿ ಬದಲಾದ ಹಾಗೆ ಇದೂ ಇಲ್ಲಿನ ಬಾಯಿಗೆ ಒಗ್ಗಿದ ರೂಪ. ನಮ್ಮ ಊರಿನಲ್ಲಿ ಇದೇ ಸರಿ.

ಹೆಣ್ಣುಮಕ್ಕಳಿಗೂ 'ಮಗ' ಎಂಬ ಹೆಸರೇ?

ಒಳ್ಳೆಯ ಪ್ರಶ್ನೆ. ಮ್ಯಾಂಕ್ಸ್‌ನಲ್ಲಿ ಮಗಳಿಗೆ 'ಇನ್ನೀನ್' ಅನ್ನುತ್ತಾರೆ. ಹಳೆಯ ದಾಖಲೆಗಳಲ್ಲಿ ಕೆಲವು ಹೆಣ್ಣುಮಕ್ಕಳ ಹೆಸರಿನಲ್ಲಿ ಮ್ಯಾಕ್ ಬದಲು ಅದರ ಮೊಟಕು ರೂಪ ಕಾಣುತ್ತದೆ. ಮ್ಯಾಕ್ ಉದುರಿ ಹೆಸರು ಗಟ್ಟಿಯಾದ ಮೇಲೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ಹೆಸರು ನಿಂತಿತು.

ಆದರೆ ನನಗೆ ತುಂಬಾ ಇಷ್ಟವಾದ ಪದ್ಧತಿ ಬೇರೆ ಇದೆ. ಇಂಗ್ಲೆಂಡಿನ ಹಳೆಯ ಚರ್ಚ್ ದಾಖಲೆಗಳಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರು ಸಾಮಾನ್ಯವಾಗಿ ಕಾಣೆಯಾಗುತ್ತದೆ. ಮ್ಯಾನ್ ದ್ವೀಪದಲ್ಲಿ ಅದನ್ನು ಉಳಿಸಿಕೊಂಡರು. ಸಮಾಧಿ ಕಲ್ಲಿನ ಮೇಲೆ, ಚರ್ಚಿನ ಸಾವಿನ ಪುಸ್ತಕದಲ್ಲಿ 'ಜೇನ್ ಕ್ವೇಲ್ ಅಲಿಯಾಸ್ ಕಬ್ಬನ್' ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. ಅಂದರೆ ಗಂಡನ ಮನೆ ಕ್ವೇಲ್, ತವರುಮನೆ ಕಬ್ಬನ್. ನಮ್ಮಲ್ಲಿ ಅಲಿಯಾಸ್ ಕೇಳಿಬರುವುದು ಪೊಲೀಸ್ ಕೇಸುಗಳಲ್ಲಿ. ಅಲ್ಲಿ ಅದು ತವರಿನ ಗುರುತು. ವಂಶ ಹುಡುಕುವವರಿಗೆ ಈ ಒಂದು ಪದ ಎಷ್ಟು ದೊಡ್ಡ ಉಪಕಾರ ಮಾಡಿದೆ ಅನ್ನುವುದನ್ನು ಹುಡುಕಿದವರೇ ಬಲ್ಲರು.

ಈ ಹೆಸರು ಬೆಂಗಳೂರಿಗೆ ಬಂದದ್ದು ಹೇಗೆ?

ಮಾರ್ಕ್ ಕಬ್ಬನ್ ಮ್ಯಾಕಲ್ಡ್ ಎಂಬ ಊರಿನವರು. ಅದು ದ್ವೀಪದ ಈಶಾನ್ಯ ಮೂಲೆ. ತಂದೆ ಥಾಮಸ್ ಕಬ್ಬನ್ ಅಲ್ಲಿನ ಚರ್ಚಿನ ಪಾದ್ರಿ. ತಾಯಿ ಮಾರ್ಗರೆಟ್ ವಿಲ್ಕ್ಸ್. ಮೈಸೂರಿನ ಚರಿತ್ರೆ ಓದಿದವರಿಗೆ ವಿಲ್ಕ್ಸ್ ಎಂದ ಕೂಡಲೇ ಹೊಳೆಯುತ್ತದೆ. ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದು, ಹೈದರಾಲಿ ಟಿಪ್ಪುವಿನ ಕಾಲದ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇವರ ಸೋದರಮಾವ. 1815ರಲ್ಲಿ ನೆಪೋಲಿಯನ್‌ನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಸೆರೆಯಾಳಾಗಿ ತಂದಾಗ ಅಲ್ಲಿ ಗವರ್ನರ್ ಆಗಿದ್ದವರೂ ಇದೇ ವಿಲ್ಕ್ಸ್.

1765ರಲ್ಲಿ ಬ್ರಿಟಿಷ್ ಸರ್ಕಾರ ದ್ವೀಪದ ಒಡೆತನವನ್ನು ಅಥೋಲ್ ಡ್ಯೂಕ್ ಮನೆತನದಿಂದ ಕೊಂಡುಕೊಂಡಿತು. ಸುಂಕ ತಪ್ಪಿಸಿ ನಡೆಯುತ್ತಿದ್ದ ವ್ಯಾಪಾರ ಅಲ್ಲಿಗೆ ನಿಂತಿತು. ದುಡಿಮೆ ಕಡಿಮೆಯಾದ ದ್ವೀಪದಿಂದ ಹುಡುಗರು ನೌಕಾಪಡೆಗೆ, ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಹೊರಟರು. ಕಬ್ಬನ್ ಕೂಡ 1800ರಲ್ಲಿ ಮದರಾಸಿನ ಸೈನ್ಯಕ್ಕೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಂಪನಿ ಕಿತ್ತುಕೊಂಡದ್ದು 1831ರಲ್ಲಿ. 1834ರಿಂದ 1861ರವರೆಗೆ ಕಬ್ಬನ್ ಮೈಸೂರು ಸೀಮೆಯ ಕಮಿಷನರ್. ಊರಿಗೆ ಹೊರಟವರು 1861ರ ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಮಣ್ಣಾದದ್ದು ಹುಟ್ಟೂರು ಮ್ಯಾಕಲ್ಡ್‌ನಲ್ಲೇ.

ಪಾರ್ಕ್ ಮಾಡಿಸಿದ್ದು ಅವರಲ್ಲ. ಅದು 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಕಾಲದಲ್ಲಿ ಆದದ್ದು. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಎಂದು ಹೆಸರಿತ್ತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಪಾರ್ಕ್ ಎಂದು ಸರ್ಕಾರಿ ಹೆಸರು ಬಂತು. ಜನ ಮಾತ್ರ ಕಬ್ಬನ್ ಪಾರ್ಕ್ ಅನ್ನುವುದನ್ನು ಬಿಡಲಿಲ್ಲ. ಮರೊಚೆಟ್ಟಿ ಎಂಬ ಶಿಲ್ಪಿ ಮಾಡಿದ ಕಬ್ಬನ್ ಅವರ ಕುದುರೆ ಸವಾರಿಯ ಪ್ರತಿಮೆ 1866ರದು. ಅದನ್ನು 2020ರಲ್ಲಿ ಹೈಕೋರ್ಟ್ ಬಳಿಯಿಂದ ಪಾರ್ಕಿನೊಳಕ್ಕೆ ಸಾಗಿಸಿದರು.

ಹೆಸರಾದ ಬೇರೆ ಕಬ್ಬನ್‌ಗಳು ಇದ್ದಾರಾ?

ದ್ವೀಪದವರನ್ನು ಕೇಳಿದರೆ ಮಾರ್ಕ್‌ಗಿಂತ ಮೊದಲು ವಿಲಿಯಂ ಕಬ್ಬನ್ ಹೆಸರು ಬರಬಹುದು. 1865ರಿಂದ 1955ರವರೆಗೆ ಬಾಳಿದವರು. 1922ರಲ್ಲಿ ಡಗ್ಲಸ್‌ನಲ್ಲಿ ತೆರೆದ ಮ್ಯಾಂಕ್ಸ್ ಮ್ಯೂಸಿಯಂನ ಮೊದಲ ಕಾರ್ಯದರ್ಶಿ, ಮುಂದೆ ಅದರ ನಿರ್ದೇಶಕ. ದ್ವೀಪದ ಬಗ್ಗೆ ಬಂದ ಬರಹಗಳನ್ನೆಲ್ಲ ಪಟ್ಟಿ ಮಾಡಿಟ್ಟ ಮಹಾನುಭಾವ. ಪರದೇಶದಲ್ಲಿ ಅಧಿಕಾರ ನಡೆಸಿದವರಿಗಿಂತ ಊರಿನ ನೆನಪನ್ನು ಕಾಪಾಡಿದ ಇಂಥವರೇ ನನಗೆ ದೊಡ್ಡವರಾಗಿ ಕಾಣುತ್ತಾರೆ.

ಕಬ್ಬನ್ ಮನೆತನದ ಕುಲಲಾಂಛನ ಎಂದು ಮಾರುತ್ತಾರಲ್ಲ, ಅದು ನಿಜವೇ?

ನಂಬಬೇಡಿ. ಬ್ರಿಟಿಷ್ ಪದ್ಧತಿಯಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ವಾರಸುದಾರರಿಗೆ. ಸರ್‌ನೇಮ್‌ಗೆ ಲಾಂಛನ ಅನ್ನುವುದು ಇಲ್ಲವೇ ಇಲ್ಲ. ಬರೀ ಹೆಸರು ನೋಡಿ ಮಗ್ಗಿನ ಮೇಲೆ, ಫ್ರೇಮಿನಲ್ಲಿ ಹಾಕಿಕೊಡುವುದು ವ್ಯಾಪಾರ ಅಷ್ಟೇ.

ಮ್ಯಾಂಕ್ಸ್ ಭಾಷೆ ಈಗಲೂ ಇದೆಯಾ?

ಇದೆ. ಮನೆಮಾತಾಗಿ ಕಲಿತವರಲ್ಲಿ ಕೊನೆಯವರು ಎಂದು ಹೇಳುವ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ, 1948ರಲ್ಲಿ, ಐರ್ಲೆಂಡಿನ ಜಾನಪದ ಆಯೋಗದವರು ಬಂದು ಅವರಂಥ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದರು. ಭಾಷೆ ಕಲಿಯುವವರಿಗೆ ಅದೇ ಆಸರೆಯಾಯಿತು. 2001ರಿಂದ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆಯೇ ನಡೆಯುತ್ತಿದೆ, 2003ರಿಂದ ಅದು ಸೇಂಟ್ ಜಾನ್ಸ್ ಊರಿನಲ್ಲಿದೆ. 2009ರಲ್ಲಿ ಯುನೆಸ್ಕೋ ಈ ಭಾಷೆ ಅಳಿದುಹೋಗಿದೆ ಎಂದು ಪಟ್ಟಿ ಮಾಡಿದಾಗ ಆ ಶಾಲೆಯ ಮಕ್ಕಳು ಕಾಗದ ಬರೆದರು. ಭಾಷೆ ಅಳಿದಿದ್ದರೆ ನಾವು ಬರೆಯುತ್ತಿರುವುದು ಯಾವ ಭಾಷೆಯಲ್ಲಿ ಎಂದು ಕೇಳಿದರು. ಯುನೆಸ್ಕೋ ತನ್ನ ಪಟ್ಟಿ ತಿದ್ದಿಕೊಂಡಿತು.

ಕಬ್ಬನ್ ವಂಶದ ಬಗ್ಗೆ ಹುಡುಕಬೇಕು ಅಂದರೆ ಎಲ್ಲಿ ಶುರು ಮಾಡಬೇಕು?

ಡಗ್ಲಸ್‌ನ ಮ್ಯಾಂಕ್ಸ್ ಮ್ಯೂಸಿಯಂ ಲೈಬ್ರರಿಯಿಂದ. ಅವರ ದಾಖಲೆಗಳಲ್ಲಿ ಬಹಳಷ್ಟು ಈಗ ಆನ್‌ಲೈನ್‌ನಲ್ಲೂ ಸಿಗುತ್ತವೆ. ಜನನ ಮರಣದ ಕಡ್ಡಾಯ ನೋಂದಣಿ ಅಲ್ಲಿ ಶುರುವಾದದ್ದು 1878ರಲ್ಲಿ, ಮದುವೆಯದು 1884ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚ್ ದಾಖಲೆಗಳು, ಉಯಿಲುಗಳು, ಭೂಕಂದಾಯದ ಪಟ್ಟಿಗಳು. 1841ರಿಂದ ಹತ್ತು ವರ್ಷಕ್ಕೊಮ್ಮೆಯ ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳೂ ಇವೆ. ದ್ವೀಪ ಬಿಟ್ಟವರು ಜಾಸ್ತಿ ಹೋದದ್ದು ಹಡಗಿನ ದಾರಿಯಲ್ಲೇ ಇದ್ದ ಲಿವರ್‌ಪೂಲಿಗೆ. 1820ರ ದಶಕದಿಂದ ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಸುತ್ತಮುತ್ತಲೂ ಬಹಳ ಮಂದಿ ನೆಲೆಸಿದರು. ಅಲ್ಲಿನ ದಾಖಲೆಗಳನ್ನೂ ನೋಡಬೇಕು.

ಕಬ್ಬನ್ ಎಂಬ ಒಂದೇ ಬರಹದ ಬೆನ್ನು ಹತ್ತಬೇಡಿ. ಕಬ್ಬಿನ್ ನೋಡಿ. 17ನೇ ಶತಮಾನಕ್ಕಿಂತ ಹಿಂದೆ ಹೋದರೆ ಮ್ಯಾಕ್ ಇರುವ ರೂಪಗಳನ್ನೂ ನೋಡಿ. ಒಬ್ಬನೇ ಮನುಷ್ಯನ ಹೆಸರನ್ನು ಬೇರೆ ಬೇರೆ ಗುಮಾಸ್ತರು ಬೇರೆ ಬೇರೆ ಥರ ಬರೆದಿರುತ್ತಾರೆ. ಹೆಣ್ಣುಮಕ್ಕಳ ಕಡೆಯಿಂದ ಹುಡುಕುವಾಗ 'ಅಲಿಯಾಸ್' ಆದಮೇಲೆ ಏನಿದೆ ಎಂದು ಮೊದಲು ಕಣ್ಣು ಹಾಯಿಸಿ.